ಕಾಡಿಗೆಯ ಗಿರಿಜೆ

ಪಕ್ಕದ ಮನೆಯ ಹುಡುಗಿ ಬಾಣಂತನಕ್ಕೆಂದು ತವರಿಗೆ ಬಂದಿದ್ದಾಳೆ. ಮೊನ್ನೆ ಸಂಜೆ ಅವಳ ತಾಯಿ ಹಿತ್ತಲ ಜಗಲಿಯಲ್ಲಿ ಹರಳೆಣ್ಣೆಯ ಹಣತೆ ಹಚ್ಚಿ, ಎರಡು ಇಟ್ಟಿಗೆಗಳ ಮೇಲೆ ಹಿತ್ತಾಳೆ ತಟ್ಟೆಯನ್ನು ಬೋರಲು ಹಾಕಿ ಕಾಡಿಗೆ ಹಿಡಿಯುತ್ತಿದ್ದರು. ಮಗುವಿನ ಕಣ್ಣಿಗೆ ಹಚ್ಚಬೇಡಿ ಎಂದು ಡಾಕ್ಟರು ಕಟ್ಟುನಿಟ್ಟಾಗಿ ಹೇಳಿ ಕಳಿಸಿದ್ದಾರಂತೆ. ಕೆನ್ನೆಗೊಂದು ದೃಷ್ಟಿಬೊಟ್ಟು ಇಟ್ಟರೆ ಡಾಕ್ಟರ ಗಂಟೇನು ಹೋಗುತ್ತದೆ ಎಂದು ಈ ತಾಯಿಯ ವಾದ. ಒಣಗಿದ ಬಟ್ಟೆ ತೆಗೆಯಲು ಹೊರಗೆ ಬಂದಿದ್ದ ನಾನು ಬಟ್ಟೆಯನ್ನೆಲ್ಲ ಹೆಗಲ ಮೇಲೆ ಹಾಕಿಕೊಂಡು ಅಲ್ಲೇ ನಿಂತುಬಿಟ್ಟೆ. ಹರಳೆಣ್ಣೆಯ ಜಿಡ್ಡು ಹೊಗೆ, ಕಾದ ಹಿತ್ತಾಳೆ, ತಟ್ಟೆಯ ಒಳಮೈಗೆ ಸವರಿದ ಗಂಧ ಸೀಯುವ ವಾಸನೆ. ಬೇರೆ ಹೆಂಗಸರಿಗೆ ಈ ವಾಸನೆಯಿಂದ ಬಾಣಂತಿ ಕೋಣೆ ನೆನಪಾಗಬಹುದು. ನನಗೆ ನೆನಪಾಗುವುದು ಒಬ್ಬ ಚೀನೀ ಚಿತ್ರಕಲಾವಿದೆ, ಮತ್ತು ಅವರ ಎದುರು ಕಾಲು ಚಾಚಿ ಕೂತ ನನ್ನ ಅಜ್ಜಿ. ಹೇಳಿದರೆ ಯಾರೂ ನಂಬುವುದಿಲ್ಲವೆಂದು ಇಷ್ಟು ವರ್ಷ ಈ ಕಥೆಯನ್ನು ಯಾರಿಗೂ ಪೂರ್ತಿ ಹೇಳಿಲ್ಲ.

ನಮ್ಮ ಮನೆ ಮಡಿಕೇರಿಯಲ್ಲಿ, ಬಸ್‌ಸ್ಟ್ಯಾಂಡಿನಿಂದ ಮೇಲಕ್ಕೆ ಹತ್ತುವ ರಸ್ತೆಯ ತಿರುವಿನಲ್ಲಿತ್ತು. ಈಗ ಅಲ್ಲೊಂದು ಲಾಡ್ಜು ಎದ್ದಿದೆ. ಕೆಳಗಡೆ ಹೋಂಮೇಡ್ ಚಾಕೊಲೇಟು, ಜೇನುತುಪ್ಪ, ಸಾಂಬಾರ ಪದಾರ್ಥ ಮಾರುವ ಅಂಗಡಿ. ನಮ್ಮ ಅಡಿಗೆಮನೆ ಇದ್ದ ಜಾಗದಲ್ಲಿ ನಿಂತು ಪ್ರವಾಸಿಗಳು ಸೆಲ್ಫಿ ತೆಗೆದುಕೊಳ್ಳುವುದನ್ನು ನಾನು ನೋಡಿದ್ದೇನೆ. ಅಜ್ಜ ಪೂಜೆ ಮಾಡಿಕೊಂಡಿದ್ದವರು, ಅಪ್ಪ ತಾಲೂಕು ಆಫೀಸಿನ ಗುಮಾಸ್ತ. ಮಹಡಿಯ ಮೇಲೆ ಗಾಜಿನ ಕಿಟಕಿಗಳ ಒಂದು ಕೋಣೆಯಿತ್ತು; ಅಜ್ಜ ಹೋದ ಮೇಲೆ ಅದು ಹಲಸಿನ ಹಪ್ಪಳಕ್ಕೂ ಹಳೆಯ ಪಂಚಾಂಗಗಳಿಗೂ ಸೇರಿದ್ದಾಗಿತ್ತು. ಊರಿನ ಒಂದು ಶಾಲೆಗೆ ಹೊಸ ಡ್ರಾಯಿಂಗ್ ಟೀಚರು ಬಂದಿದ್ದಾರೆ, ಒಬ್ಬರೇ ಹೆಂಗಸು, ಕೋಣೆ ಹುಡುಕುತ್ತಿದ್ದಾರೆ ಎಂದು ಯಾರೋ ಹೇಳಿದಾಗ ಅಪ್ಪ ಹೂಂ ಎಂದುಬಿಟ್ಟರು. ಟೀಚರು ಚೀನಾದವರೆಂದು ಗೊತ್ತಾದದ್ದು ಅವರು ಟ್ರಂಕು ಹಿಡಿದು ಆಟೋದಿಂದ ಇಳಿದ ಮೇಲೆ.

ಚೀನಾದವರು ಅಂದರೆ ಅವರಿಗೆ ಬೇಸರವಾಗುತ್ತಿತ್ತು. ಹೆಸರು ಶುಫೆನ್. ಹುಟ್ಟಿದ್ದು, ಬೆಳೆದದ್ದು, ಓದಿದ್ದು ಎಲ್ಲ ಕಲ್ಕತ್ತೆಯಲ್ಲಿ. ಚೀನಾದಿಂದ ಬಂದವರು ಅವರ ತಂದೆ. ಕಲ್ಕತ್ತೆಯಲ್ಲಿ ಬೂಟಿನ ಅಂಗಡಿ ಇಟ್ಟುಕೊಂಡು, ಸಂಜೆ ಬಾಗಿಲು ಹಾಕಿದ ಮೇಲೆ ಮಗಳನ್ನು ಕೂರಿಸಿಕೊಂಡು ಕುಂಚ ಹಿಡಿಯುವುದನ್ನು ಕಲಿಸಿದವರು. ಕನ್ನಡವನ್ನು ಟೀಚರು ಶಾಲೆಯ ಮಕ್ಕಳಿಂದ ಕಲಿತಿದ್ದರು. ಹಾಗಾಗಿ ಅಪ್ಪನಿಗೂ "ನೀನು ಊಟ ಮಾಡಿದ್ಯಾ?" ಎನ್ನುತ್ತಿದ್ದರು. ಅಪ್ಪ ಗಂಭೀರವಾಗಿ "ಮಾಡಿದೆ ಟೀಚರೇ" ಎಂದು ಹೇಳಿ ಒಳಗೆ ಬಂದು ನಗುತ್ತಿದ್ದರು. ಅಜ್ಜಿ ಮೊದಲ ದಿನವೇ ಒಂದು ಕಟ್ಟಳೆ ಹಾಕಿದ್ದರು: "ಮೇಲೆ ಎಂತದ್ದೂ ಬೇಯಿಸ್ಬಾರ್ದು. ಹೊರಗೆ ಎಂತ ತಿಂತೀರೋ ಅದು ನಂಗೆ ಕಾಣೂದಿಲ್ಲ." ಕೊಡಗಿನಲ್ಲಿ ಹೊರಗೆ ತಿನ್ನುವುದಕ್ಕೆ ಏನು ಕೊರತೆ? ಭಾನುವಾರಗಳಲ್ಲಿ ಟೀಚರು ಸಹೋದ್ಯೋಗಿಯೊಬ್ಬರ ಮನೆಯಲ್ಲಿ ಪಂದಿಕರಿ ಉಂಡು ಬರುತ್ತಿದ್ದರು. ಅಜ್ಜಿ ಅವರ ಹೆಜ್ಜೆ ಸಪ್ಪಳ ಕೇಳಿ "ಊಟ ಗಟ್ಟಿ ಆಗಿದೆ ಇವತ್ತು" ಎಂದು ಗೊಣಗಿ ಸುಮ್ಮನಾಗುತ್ತಿದ್ದರು.

ಇಬ್ಬರನ್ನೂ ಹತ್ತಿರ ತಂದದ್ದು ತೇಯುವ ಕೆಲಸ. ಟೀಚರ ಹತ್ತಿರ ಅವರ ತಂದೆ ಕೊಟ್ಟ ಒಂದು ಮಸಿಯ ಕಡ್ಡಿಯಿತ್ತು. ಸಾಬೂನಿನ ತುಂಡಿನಷ್ಟು ಗಟ್ಟಿ, ಮೂಗಿಗೆ ಹಿಡಿದರೆ ಪಚ್ಚಕರ್ಪೂರದ ಪರಿಮಳ. ಅದನ್ನು ನಯವಾದ ಕಲ್ಲಿನ ಮೇಲೆ ಹನಿ ನೀರು ಹಾಕಿ ಸುತ್ತ ಸುತ್ತ ತೇಯಬೇಕು. ಒಂದು ದಿನ ಹಪ್ಪಳ ನೋಡಲು ಮೇಲೆ ಹೋದ ಅಜ್ಜಿ ಇದನ್ನು ಕಂಡು ಬಾಗಿಲಲ್ಲೇ ನಿಂತರು. ಮದುವೆಯಾಗಿ ಬಂದಾಗಿನಿಂದ ದಿನವೂ ಸಾಣೆಕಲ್ಲಿನ ಮೇಲೆ ದೇವರಿಗೆ ಗಂಧ ತೇದ ಕೈ ಅವರದ್ದು. "ಹಾಗೆ ಅವಸರ ಮಾಡಿದ್ರೆ ತರಿತರಿ ಆಗ್ತದೆ, ಇಲ್ಲಿ ಕೊಡಿ" ಎಂದು ಕಡ್ಡಿಯನ್ನು ಕಿತ್ತುಕೊಂಡು ಕೂತರು. ಮಸಿ ರೇಷ್ಮೆಯಾಗಿ ಇಳಿಯಿತು. ಟೀಚರು ಕುಂಚ ಅದ್ದಿ ಒಂದು ಗೆರೆ ಎಳೆದು, ಅಜ್ಜಿಯ ಮುಖವನ್ನೂ ಗೆರೆಯನ್ನೂ ನೋಡಿ, "ಪಪ್ಪ ಥರಾನೇ" ಎಂದರು. ಆಮೇಲೆ ಟೀಚರು ಶಾಲೆ ಮುಗಿಸಿ ಬರುತ್ತಿದ್ದಂತೆ ಅಜ್ಜಿ ಮೇಲೆ ಹೋಗುವುದು, ಮಸಿ ತೇಯುವುದು, ನಾನು ಶಾಲೆಯಿಂದ ಬಂದವಳು ಅವರಿಬ್ಬರ ನಡುವೆ ನುಸುಳಿ ಕೂರುವುದು ರೂಢಿಯಾಯಿತು.

ಆ ಕೋಣೆಯಲ್ಲಿ ಎರಡು ಬಗೆಯ ಚಿತ್ರಗಳಿದ್ದವು. ಗೋಡೆಗೆ ಒರಗಿಸಿಟ್ಟ ದೊಡ್ಡ ಕ್ಯಾನ್ವಾಸುಗಳು, ಟರ್ಪೆಂಟೈನ್ ವಾಸನೆಯವು. ಅವುಗಳಲ್ಲಿ ಬಣ್ಣ ದಪ್ಪಗೆ, ಸಿಟ್ಟಿನಲ್ಲಿ ಮೆತ್ತಿದ ಹಾಗೆ ಇರುತ್ತಿತ್ತು. ನೆಲದ ಮೇಲೆ ಹಾಸಿದ ತೆಳ್ಳನೆ ಕಾಗದಗಳಲ್ಲಿ ಮಸಿಯ ಬೆಟ್ಟಗಳು, ಮಂಜಿಗೆಂದು ಹಾಗೇ ಬಿಟ್ಟ ಬಿಳಿ. ಅಮ್ಮ ಒಮ್ಮೆ ನೋಡಿ "ಪಾಪ, ಮಸಿ ಮುಗೀತಾ?" ಎಂದು ಕೇಳಿದ್ದರು. ಟೀಚರಿಗೆ ತಂದೆ ಕಲಿಸಿದ್ದು, ಒಮ್ಮೆ ಎಳೆದ ಗೆರೆ ಎಳೆದದ್ದೇ, ತಿದ್ದುವಂತಿಲ್ಲ, ನೋಡಿ ಮನಸ್ಸಿನಲ್ಲಿಟ್ಟುಕೊಂಡು ಒಂದೇ ಉಸಿರಿಗೆ ಬರೆಯಬೇಕು ಎಂದು. ಆರ್ಟ್ ಕಾಲೇಜಿನವರು ಕಲಿಸಿದ್ದು, ಕೆರೆದು ಹಾಕು, ಮತ್ತೆ ಬರಿ, ಒಳಗಿನದ್ದನ್ನೆಲ್ಲ ಹೊರಗೆ ಚೆಲ್ಲು ಎಂದು. ಕಾಲೇಜಿನಲ್ಲಿ ಅವರ ಚಿತ್ರ ಚೀನೀ ಅನ್ನಿಸಿಕೊಂಡಿತು, ಮನೆಯಲ್ಲಿ ಬಿಳಿ ಸಾಹೇಬರದ್ದು ಅನ್ನಿಸಿಕೊಂಡಿತು. "ಎರಡೂ ನಂದು ಅಲ್ಲ ಪುಟ್ಟಿ," ಎನ್ನುತ್ತಿದ್ದರು ನನಗೆ. ಒಂಬತ್ತು ವರ್ಷದವಳಿಗೆ ಅದೇನು ಅರ್ಥವಾಗಬೇಕು. ಚಿತ್ರ ಬರೆದವರದ್ದಲ್ಲದೆ ಮತ್ತಾರದ್ದು ಎಂದುಕೊಂಡಿದ್ದೆ.

ಅದೇ ವರ್ಷ ಅಜ್ಜಿಯ ಕಣ್ಣು ಮಂಜಾಗತೊಡಗಿತು. ಪೊರೆ ಇರಬೇಕೆಂದು ಮೈಸೂರಿಗೆ ಕರೆದುಕೊಂಡು ಹೋದರೆ ಡಾಕ್ಟರು ಗ್ಲಾಕೋಮಾ ಎಂದರು. ಹೋದ ದೃಷ್ಟಿ ಮತ್ತೆ ಬರುವುದಿಲ್ಲ, ಉಳಿದದ್ದೂ ನಿಧಾನಕ್ಕೆ ಹೋಗುತ್ತದೆ. ಅಜ್ಜಿ ಅತ್ತದ್ದನ್ನು ನಾನು ನೋಡಲಿಲ್ಲ. ಆದರೆ ಒಂದು ಸಂಜೆ ಮಸಿ ತೇಯುತ್ತಾ ತೇಯುತ್ತಾ ಕೈ ನಿಲ್ಲಿಸಿ, "ಟೀಚರೇ, ನನ್ನ ಗಿರಿಜೆಯ ಮುಖ ಬರ್ದು ಕೊಡ್ತೀರಾ?" ಎಂದರು. ಗಿರಿಜೆ ಎಂದರೆ ಅಪ್ಪನಿಗಿಂತ ಮೊದಲು ಹುಟ್ಟಿದ ಮಗಳು. ನನ್ನಷ್ಟಿರುವಾಗಲೇ, ಅಪ್ಪ ಇನ್ನೂ ತೊಟ್ಟಿಲಲ್ಲಿದ್ದಾಗ, ಜ್ವರದಲ್ಲಿ ತೀರಿಹೋದವಳು. ಫೋಟೋ ತೆಗೆಸಿದರೆ ಮಕ್ಕಳ ಆಯುಸ್ಸು ಕಡಿಮೆಯಾಗುತ್ತದೆಂದು ಅಜ್ಜಿಯ ಮಾವ ತೆಗೆಸಗೊಡಲಿಲ್ಲ. ಅವಳನ್ನು ನೋಡಿದವರೆಲ್ಲ ಸತ್ತುಹೋಗಿದ್ದರು. ಈ ಭೂಮಿಯ ಮೇಲೆ ಆ ಮುಖ ಗೊತ್ತಿದ್ದವರು ಅಜ್ಜಿ ಒಬ್ಬರೇ. "ನಂಗೂ ಅದು ಜಾರಿ ಹೋಗ್ತಾ ಉಂಟು," ಅಜ್ಜಿ ಹೇಳಿದರು. "ಕಣ್ಣು ಪೂರ್ತಿ ಹೋಗೂದ್ರೊಳಗೆ ಒಂದ್ಸಲ ನೋಡ್ಬೇಕು. ನೋಡಿದ್ರೆ ಇಟ್ಕೊಳ್ತೇನೆ." ಟೀಚರಿಗೆ ಅರ್ಥವಾಗಲಿಲ್ಲವೇನೋ ಎಂದು ನಾನು ಹಿಂದಿ ಇಂಗ್ಲಿಷು ಎಲ್ಲ ಬೆರೆಸಿ ಇನ್ನೊಮ್ಮೆ ಹೇಳಹೊರಟೆ. ಅವರು ಕೈ ಎತ್ತಿ ನನ್ನನ್ನು ತಡೆದರು. ಅವರಿಗೆ ಅರ್ಥವಾಗಿತ್ತು.

ಹಾಗೆ ಶುರುವಾಯಿತು. ಅಜ್ಜಿ ಹೇಳುವುದು, ಟೀಚರು ಬರೆಯುವುದು. ಮುಖ ದುಂಡಗೆ, ಅಷ್ಟು ದುಂಡಗಲ್ಲ. ಹುಬ್ಬು ತೆಳು. ನಕ್ಕರೆ ಕೆನ್ನೆಯಲ್ಲಿ ಗುಳಿ. ಯಾವ ಕೆನ್ನೆ ಎಂದು ಟೀಚರು ಕೇಳಿದಾಗ ಅಜ್ಜಿ ತಮ್ಮದೇ ಕೆನ್ನೆಗಳನ್ನು ಒಂದಾದ ಮೇಲೊಂದು ಮುಟ್ಟಿ ಮುಟ್ಟಿ ನೋಡಿಕೊಂಡರು. ಬರೆದದ್ದನ್ನೆಲ್ಲ ಕಿಟಕಿಯ ಬೆಳಕಿಗೆ ಹಿಡಿದು, ಮೂಗಿಗೆ ತಾಗುವಷ್ಟು ಹತ್ತಿರ ತಂದು ನೋಡಿ, "ಇವಳಲ್ಲ" ಎಂದು ಕೆಳಗಿಡುತ್ತಿದ್ದರು. ಚೆಂದದ ಮುಖಗಳೇ ಅವು. ಅಮ್ಮ ಅವುಗಳನ್ನು ಎಸೆಯಲು ಮನಸ್ಸು ಬಾರದೆ ಅಡಿಗೆಮನೆಯ ಅಟ್ಟದಲ್ಲಿ ಒಟ್ಟುತ್ತಿದ್ದರು. ಯಾರ ಮನೆಯವೋ ಏನೋ, ಒಂದು ರಾಶಿ ಹೆಣ್ಣುಮಕ್ಕಳು ನಮ್ಮ ಉಪ್ಪಿನಕಾಯಿ ಜಾಡಿಯ ಪಕ್ಕದಲ್ಲಿ ಮಲಗಿದ್ದರು.

ಮಳೆಗಾಲ ಕಳೆಯುವಷ್ಟರಲ್ಲಿ ಕೆಟ್ಟದ್ದೊಂದು ಆಯಿತು. ಅಜ್ಜಿ ಒಂದು ದಿನ ಮಹಡಿ ಹತ್ತಲಿಲ್ಲ. ನಾನು ಕರೆಯಲು ಹೋದರೆ ಗೋಡೆ ಕಡೆ ತಿರುಗಿ ಮಲಗಿದ್ದರು. "ಟೀಚರಿಗೆ ಸಾಕು ಅಂತ ಹೇಳು ಪುಟ್ಟಿ. ಕಣ್ಣು ಮುಚ್ಚಿದ್ರೆ ಈಗ ಅವರು ಬರ್ದ ಮಕ್ಕಳೇ ಬರ್ತಾವೆ. ನಂದು ಇದ್ದದ್ದೂ ಹೋಯ್ತು." ಅದನ್ನು ಹಾಗೇ ಹೋಗಿ ಹೇಳಬಾರದು ಎಂಬ ಬುದ್ಧಿ ನನಗಿರಲಿಲ್ಲ, ಹೇಳಿದೆ. ಟೀಚರು ಕುಂಚವನ್ನು ತೊಳೆದಿಟ್ಟು ಕೆಳಗೆ ಬಂದರು. ಅಡಿಗೆಮನೆಯ ಬಾಗಿಲಲ್ಲಿ ನಿಂತು, "ಅಮ್ಮಾ, ನಾನು ಹೆಲ್ಪ್ ಮಾಡ್ಲಿಲ್ಲ. ಅಜ್ಜಿದು ಮಗು ನಾನೇ ಅಳಿಸಿಬಿಟ್ಟೆ" ಎಂದರು. ಅಮ್ಮ ಅವರ ಕೈಗೆ ಕಾಫಿ ಲೋಟ ಕೊಟ್ಟರು. ಲೋಟ ಹಿಡಿದುಕೊಂಡು ಅವರು ಅತ್ತರು. ದೊಡ್ಡವರು ಹಾಗೆ ಅಳುವುದನ್ನು ನಾನು ಅದೇ ಮೊದಲು ನೋಡಿದ್ದು, ನನಗೂ ಹೆದರಿಕೆಯಾಗಿ ಅಳು ಬಂತು.

ಟೀಚರು ಆಮೇಲೆ ಏನನ್ನೂ ಬರೆಯಲಿಲ್ಲ, ತಮ್ಮ ಬೆಟ್ಟಗಳನ್ನೂ ಬರೆಯಲಿಲ್ಲ. ಅದಕ್ಕೆ ಇನ್ನೊಂದು ಕಾರಣವೂ ಇತ್ತೆಂದು ಹಪ್ಪಳ ಇಳಿಸಲು ಹೋದ ಅಮ್ಮ ಕಂಡುಹಿಡಿದರು: ಮಸಿಯ ಕಡ್ಡಿ ಸವೆದು ಉಗುರಿನಷ್ಟಾಗಿತ್ತು. ಟೀಚರ ತಂದೆ ತೀರಿಕೊಂಡಿದ್ದರು, ಅಂಥದ್ದು ಮಡಿಕೇರಿಯಲ್ಲಿ ಎಲ್ಲಿ ಸಿಗಬೇಕು. ಇದ್ದದ್ದರಲ್ಲಿ ಮುಕ್ಕಾಲು ಪಾಲು ಗಿರಿಜೆಗೇ ಖರ್ಚಾಗಿತ್ತು. ಅಮ್ಮನ ಬಾಯಲ್ಲಿ ಇದನ್ನು ಕೇಳಿದ ಅಜ್ಜಿ ಎದ್ದು ಕೂತರು. "ಮಸಿ ಎಂತದ್ರಲ್ಲಿ ಮಾಡೂದಂತೆ?" ಎಂದು ನನ್ನನ್ನು ಕೇಳಿದರು. ದೀಪದ ಮಸಿಯಲ್ಲಿ ಎಂದು ಟೀಚರು ಎಂದೋ ಹೇಳಿದ್ದು ನನಗೆ ನೆನಪಿತ್ತು, ಹೇಳಿದೆ. ಅಷ್ಟು ಸಾಕಾಯಿತು ಅಜ್ಜಿಗೆ. ತಮ್ಮ ಮಕ್ಕಳಿಗೂ ಮೊಮ್ಮಗಳಿಗೂ ಕಾಡಿಗೆ ಹಿಡಿದವರು ಅವರು. ಹರಳೆಣ್ಣೆ, ಹೊಸ ಬತ್ತಿ, ಗಂಧ ಸವರಿದ ತಟ್ಟೆ. ಹಣತೆಯನ್ನು ಮಂಜಾದ ಕಣ್ಣಿನಲ್ಲೇ ತಡಕಿ ಹಚ್ಚಿದರು. ಮಾರನೆಯ ದಿನ ತಟ್ಟೆಯಿಂದ ಮಸಿಯನ್ನು ಕೆರೆದು, ಅಂಗೈಯಲ್ಲಿ ಕಲಸಿ, ಬೆಳ್ಳಿಯ ಭರಣಿಯಲ್ಲಿ ತುಂಬಿ ಮಹಡಿ ಹತ್ತಿದರು. "ತಕ್ಕೊಳ್ಳಿ ಟೀಚರೇ. ನಿಮ್ಮ ಬೆಟ್ಟ ನಿಲ್ಲಿಸ್ಬೇಡಿ."

ಕಲಸಿದ್ದು ತುಪ್ಪದಲ್ಲಿ. ಕಾಡಿಗೆಯನ್ನು ತುಪ್ಪದಲ್ಲಲ್ಲದೆ ಬೇರೆ ಏನರಲ್ಲಾದರೂ ಕಲಸಬಹುದೆಂದು ನಮ್ಮ ಮನೆಯ ಯಾವ ಹೆಂಗಸಿಗೂ ಹೊಳೆಯುತ್ತಿರಲಿಲ್ಲ, ನನಗೂ ಹೊಳೆಯಲಿಲ್ಲ. ಟೀಚರು ಒದ್ದೆ ಕುಂಚವನ್ನು ಭರಣಿಗೆ ಅದ್ದಿ ಕಾಗದಕ್ಕೆ ಇಟ್ಟರು. ಗೆರೆ ಹರಿಯಲಿಲ್ಲ. ಕಪ್ಪು ಒಡೆದು ಚುಕ್ಕೆ ಚುಕ್ಕೆಯಾಯಿತು, ಸುತ್ತ ತುಪ್ಪ ಇಂಗಿ ಕಾಗದದ ಆಚೆಯ ನೆಲ ಕಾಣಿಸತೊಡಗಿತು. ಅಜ್ಜಿಗೆ ಅಷ್ಟು ದೂರದಿಂದ ಅದೊಂದೂ ಕಾಣುತ್ತಿರಲಿಲ್ಲ. "ಹೇಗುಂಟು?" ಎಂದು ಕೇಳಿದರು. ಟೀಚರು ಕುಂಚ ಕೆಳಗಿಟ್ಟು, "ತುಂಬಾ ಕಪ್ಪು ಅಜ್ಜಿ. ಇಷ್ಟು ಕಪ್ಪು ನನ್ನ ಹತ್ರ ಇರ್ಲಿಲ್ಲ" ಎಂದರು. ಅಜ್ಜಿ ಸಂತೋಷದಿಂದ ಇಳಿದು ಬಂದರು. ನಾನು ಹಿಂದೆ ಉಳಿದು ನೋಡಿದೆ. ಟೀಚರು ಆ ಹಾಳಾದ ಕಾಗದದ ಮೇಲಿನ ಕಪ್ಪನ್ನು ಬೆರಳಿನಿಂದ ಒರಸುತ್ತಿದ್ದರು, ಎಳೆಯುತ್ತಿದ್ದರು, ಉಗುರಿನಿಂದ ಕೆರೆಯುತ್ತಿದ್ದರು. ಅವರ ಮುಖದ ಮೇಲೆ ಬಹಳ ದಿನಗಳ ಮೇಲೆ ಏನೋ ಯೋಚನೆ ಕಂಡಿತು.

ಮುಂದಿನ ಸೋಮವಾರ ಬೆಳಿಗ್ಗೆ ಅಜ್ಜಿ ನನಗೆ ಜಡೆ ಹಾಕುತ್ತಿದ್ದರು. ಮೆಟ್ಟಿಲ ಬುಡದಲ್ಲಿ ಅಜ್ಜಿ ಮಣೆಯ ಮೇಲೆ, ನಾನು ಅವರ ಮೊಣಕಾಲ ನಡುವೆ ನೆಲದ ಮೇಲೆ. ಕಣ್ಣು ಹೋಗುತ್ತಿದ್ದರೂ ಜಡೆ ಹಾಕುವುದನ್ನು ಅವರು ಬಿಟ್ಟುಕೊಟ್ಟಿರಲಿಲ್ಲ, ಅಮ್ಮನಿಗಿಂತ ಬಿಗಿಯಾಗಿ ಹಾಕುತ್ತಿದ್ದರು. ನಾನು ಕೊಸರಾಡಿದೆ. "ಅಲ್ಲಾಡ್ಬೇಡ. ನಿನ್ನ ಸುಳಿ ಬಲಕ್ಕುಂಟು, ಕೂದ್ಲು ಹೇಳಿದ ಹಾಗೆ ಕೇಳ್ತದೆ. ಗಿರಿಜೆಗೆ ಎಡಕ್ಕಿತ್ತು. ಬೈತಲೆ ಎಷ್ಟು ನೆಟ್ಟಗೆ ತೆಗೆದ್ರೂ ಸುಳಿ ಹತ್ರ ಬಂದು ಸೊಟ್ಟ ಆಗ್ತಿತ್ತು. ಎಡಗಿವಿ ಹೊರಗೆ ಚಾಚಿತ್ತು ಅವ್ಳಿಗೆ. ಜಡೆ ಎಳೆದ್ರೆ ಆ ಭುಜ ಒಂದೇ ಮೇಲೆ ಏರಿಸ್ತಿದ್ಲು, ಉಯ್ಯಿ ಅಂತಿರ್ಲಿಲ್ಲ. ಕುತ್ತಿಗೆ ಹತ್ರ ಒಂದು ಮರಿಕೂದ್ಲು, ಎಷ್ಟು ಎಣ್ಣೆ ಹಾಕಿದ್ರೂ ಜಡೆಗೆ ಸಿಕ್ತಿರ್ಲಿಲ್ಲ ಅದು." ಒಂದು ಕಡೆಯೂ ಅವರು ತಡವರಿಸಲಿಲ್ಲ. ಆ ಮುಖದ ಬಗ್ಗೆ ಇಷ್ಟು ದಿನ ಕೇಳಿದ್ದಕ್ಕೆಲ್ಲ ಅಲ್ಲ, ಅಲ್ಲ ಎನ್ನುತ್ತಿದ್ದವರು ಅವರೇ. ತಲೆ ಎತ್ತಿದರೆ ಮೆಟ್ಟಿಲ ಮೇಲೆ ಟೀಚರು, ಹೆಗಲಿಗೆ ಶಾಲೆಯ ಚೀಲ. ಎಷ್ಟು ಹೊತ್ತಿನಿಂದ ನಿಂತಿದ್ದರೋ. "ಪುಟ್ಟಿ, ಇವತ್ತು ಸ್ಕೂಲ್ ಬೇಡ" ಎಂದರು. "ನಿಂಗೂ ಬೇಡ, ನಂಗೂ ಬೇಡ."

ನನ್ನನ್ನು ಕೋಣೆಯ ಗೋಡೆಗೆ ಮುಖಮಾಡಿ ಕೂರಿಸಿದರು. ಅಜ್ಜಿ ಹಿಂದೆ ಕೂತು ಜಡೆ ಬಿಚ್ಚಿ ಮತ್ತೆ ಹಾಕುತ್ತಾ ಗಿರಿಜೆಯ ತಲೆಯನ್ನು ಹೇಳುತ್ತಾ ಹೋದರು. ಆ ಚಿತ್ರ ಹುಟ್ಟುವಾಗ ನಾನು ಅದೇ ಕೋಣೆಯಲ್ಲಿದ್ದೆ, ಆದರೆ ಕಂಡದ್ದು ಸುಣ್ಣ ಸಿಪ್ಪೆಯೆದ್ದ ಗೋಡೆ ಮಾತ್ರ. ಕೇಳಿದ್ದು ಬಹಳ. ಕೊನೆಯ ಚೂರು ಮಸಿಯನ್ನು ಕಲ್ಲಿನ ಮೇಲೆ ತೇಯುವ ಸದ್ದು. ಆಮೇಲೆ ಒಂದೇ ಉಸಿರಿನಷ್ಟು ಉದ್ದದ, ಕುಂಚ ಕಾಗದದ ಮೇಲೆ ಸರಿಯುವ ಸದ್ದು. ಭರಣಿಯ ಮುಚ್ಚಳ ತೆಗೆದದ್ದು. ನಂತರ ಬೆರಳು; ಒತ್ತುವುದು, ಉಜ್ಜುವುದು, ಕೆರೆಯುವುದು, ಮತ್ತೆ ಉಜ್ಜುವುದು. ನಿಜ ಹೇಳುತ್ತೇನೆ, ನನಗೆ ಹೊಟ್ಟೆಕಿಚ್ಚಾಗಿತ್ತು. ಅಜ್ಜಿಯ ಕೈಯಲ್ಲಿ ಇದ್ದದ್ದು ನನ್ನ ಕೂದಲು, ಅವರು ಮುದ್ದು ಮಾಡುತ್ತಿದ್ದದ್ದು ಇನ್ನೊಬ್ಬಳನ್ನು.

ತಿರುಗಿ ನೋಡಿದಾಗ ಕಾಗದದ ಹೆಚ್ಚು ಭಾಗ ಖಾಲಿಯಿತ್ತು, ಬೆಳಗಿನ ಮಂಜಿನ ಹಾಗೆ. ನಡುವೆ ತಿದ್ದದ ಒಂದೇ ಗೆರೆಯಲ್ಲಿ ಸಣ್ಣ ಬೆನ್ನು, ಮೇಲೇರಿದ ಎಡಭುಜ. ಅದರ ಮೇಲೆ ತುಪ್ಪದ ಕಾಡಿಗೆಯ ಕೂದಲು, ದಪ್ಪಗೆ, ಹೊಳೆಯುತ್ತಾ, ಕ್ಯಾನ್ವಾಸಿನ ಬಣ್ಣದಷ್ಟು ಭಾರವಾಗಿ. ಸೊಟ್ಟ ಬೈತಲೆಯನ್ನು ಉಗುರಿನಲ್ಲಿ ಕೆರೆದಿದ್ದರು. ಚಾಚಿದ ಕಿವಿ, ಜಡೆಗೆ ಸಿಗದ ಮರಿಕೂದಲು. ಮುಖ ಆಚೆ ಕಡೆಗಿತ್ತು. ಅಜ್ಜಿ ಅದನ್ನು ಕಿಟಕಿಗೆ ಒಯ್ದು ಮೂಗಿಗೆ ಹತ್ತಿರ ಹಿಡಿದರು, ಬಹಳ ಹೊತ್ತು ಹಿಡಿದರು. ಟೀಚರು ಪಕ್ಕದಲ್ಲೇ ನಿಂತಿದ್ದರು, ಮೊಣಕೈವರೆಗೂ ಕಪ್ಪು. ಅಜ್ಜಿ ಕೂದಲ ಮೇಲೆ ಬೆರಳಾಡಿಸಿದರು, ಬೆರಳಿಗೆ ಕಾಡಿಗೆ ಹತ್ತಿತು. "ಸುಳಿ ಎಡಕ್ಕುಂಟು," ಎಂದರು. ಆಮೇಲೆ, "ಇವ್ಳೇ ಮಾರಾಯ್ತಿ." ಅವತ್ತಿನವರೆಗೆ ಟೀಚರನ್ನು ಅವರು ಹಾಗೆ ಕರೆದಿರಲಿಲ್ಲ. ಮಡಿಯುಟ್ಟ ಅಜ್ಜಿ ಆ ಕಪ್ಪು ಕೈಗಳನ್ನು ಎಳೆದು ತಮ್ಮ ಮುಖಕ್ಕೆ ಒತ್ತಿಕೊಂಡರು. ಆ ದಿನ ಮೂವರಿಗೂ ಬಿಸಿನೀರು ಕಾಯಿಸಿ ಅಮ್ಮನಿಗೆ ಸಾಕುಸಾಕಾಯಿತು.

ಟೀಚರು ಎರಡು ವರ್ಷದ ಮೇಲೆ ಕೆಲಸ ಬಿಟ್ಟು ಹೋದರು. ಆಮೇಲೆ ಅವರಿಗೆ ಹೆಸರು ಬಂತು. ನೀರಿನ ಮಸಿಯೂ ಜಿಡ್ಡಿನ ಕಪ್ಪೂ ಒಂದೇ ಕಾಗದದಲ್ಲಿ ಕೂಡದೆ, ಬಿಡದೆ ಇರುವ ಆ ಚಿತ್ರಗಳ ಬಗ್ಗೆ ಪತ್ರಿಕೆಗಳಲ್ಲಿ ದೊಡ್ಡ ದೊಡ್ಡ ಮಾತು ಬರೆದರು. ಪೂರ್ವ ಪಶ್ಚಿಮ ಎಂದೆಲ್ಲ. ಓದುವಾಗ ನನಗೆ ಕಾಣುತ್ತಿದ್ದದ್ದು ನಮ್ಮ ಮನೆಯ ತುಪ್ಪದ ಗಿಂಡಿ. ಅವರು ಮುಖಗಳನ್ನು ಬರೆಯುವುದನ್ನು ಪೂರ್ತಿ ಬಿಟ್ಟಿದ್ದರು. ಹೋದ ವರ್ಷ ತೀರಿಕೊಂಡರೆಂದು ಗೊತ್ತಾದಾಗ ಹೇಳಿಕೊಳ್ಳಲು ನನಗೆ ಯಾರೂ ಇರಲಿಲ್ಲ. ಅಪ್ಪ ಇಲ್ಲ, ಅಮ್ಮನಿಗೆ ಈಗ ಯಾರದ್ದೂ ನೆನಪಿಲ್ಲ. ಗಿರಿಜೆ ನನ್ನ ಹತ್ತಿರ ಇದ್ದಾಳೆ. ತುಪ್ಪ ಕಾಗದವನ್ನು ತಿನ್ನುತ್ತಿದೆ, ಮಂಜು ಹಳದಿಯಾಗಿದೆ, ಭುಜದ ಗೆರೆ ಮಾಸಿದೆ. ಗಾಜು ಹಾಕಿಸಿದರೂ ಹೆಚ್ಚು ಕಾಲ ಉಳಿಯುವುದಿಲ್ಲವೆಂದು ಗೊತ್ತಿದ್ದವರು ಹೇಳಿದ್ದಾರೆ.

ಅಜ್ಜಿಯ ದೃಷ್ಟಿ ಪೂರ್ತಿ ಹೋದ ಮೇಲೆ ಆ ಚಿತ್ರವನ್ನು ಅವರ ಹಾಸಿಗೆಯ ಎದುರಿಗೇ ತೂಗುಹಾಕಿದ್ದೆವು. ಕಾಣದಿದ್ದರೂ ಆ ಕಡೆಗೇ ಮುಖ ಮಾಡಿ ಕೂರುತ್ತಿದ್ದರು. ಅವರ ಕೊನೆಯ ವರ್ಷ, ನಾನು ಕಾಲೇಜಿಗೆ ಹೋಗುತ್ತಿದ್ದ ದಿನಗಳಲ್ಲಿ, ಒಂದು ಸಂಜೆ ಕಾಫಿ ಕೊಡಲು ಹೋದಾಗ ಕೇಳಿದರು: "ಪುಟ್ಟೀ, ಅವಳು ಹಾಗೇ ಕೂತಿದ್ದಾಳೇನೇ?"

"ಹೂಂ ಅಜ್ಜಿ."

"ಈ ಕಡೆ ತಿರುಗ್ಲಿಲ್ಲ ಅಲ್ವಾ?"

ಅವರನ್ನು ಸಮಾಧಾನಪಡಿಸಬೇಕೆಂದು ನಾನು, "ಈಗ ತಿರುಗ್ತಾಳೆ ನೋಡಿ ಅಜ್ಜಿ" ಎಂದೆ.

"ಬೇಡ," ಎಂದರು ಅಜ್ಜಿ, ಲೋಟಕ್ಕಾಗಿ ಕೈ ಚಾಚುತ್ತಾ. "ತಿರುಗೂದು ಬೇಡ ಅಂತ ಹೇಳು. ತಿರುಗಿದ್ರೆ ನಂಗೆ ಗುರ್ತ ಸಿಕ್ಕೂದಿಲ್ಲ."